ವಾಸನೆ ಹಿಡಿಯುವ ದೀಪ

ಕೃಷ್ಣರಾಜಪುರದ ಮಾರುಕಟ್ಟೆಯ ಹಿಂದಿನ ಅಡ್ಡರಸ್ತೆಯಲ್ಲಿ ಶ್ರೀರಾಮಪ್ಪನವರಿಗೆ ತಿಳಿಯದ ವಿಷಯ ಒಂದೂ ಇರಲಿಲ್ಲ. ಹೀಗೆಂದು ಹೇಳುತ್ತಿದ್ದವರು ಶ್ರೀರಾಮಪ್ಪನವರೇ. ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ನಟ್ಟು ಬೋಲ್ಟು ಎಣಿಸಿಕೊಡುವ ಕೆಲಸದಲ್ಲಿದ್ದು ನಿವೃತ್ತರಾದವರು ಅವರು. ಇಡೀ ಆಯುಷ್ಯ ಯಂತ್ರಗಳ ಪಕ್ಕದ ಕೋಣೆಯಲ್ಲಿ ಕೂತಿದ್ದರಿಂದ ತಾವೂ ಒಂದು ಬಗೆಯ ಇಂಜಿನಿಯರ್ ಎಂದು ಅವರಿಗೆ ಅನ್ನಿಸಿಬಿಟ್ಟಿತ್ತು. ಬೀದಿಯಲ್ಲಿ ಯಾರ ಮನೆಯ ಮಿಕ್ಸಿ ನಿಂತರೂ ಕರೆಯದೆಯೇ ಹೋಗಿ ಬಿಚ್ಚುತ್ತಿದ್ದರು. ಅವರು ಬಿಚ್ಚಿದ ಮೇಲೆ ಮಿಕ್ಸಿಯನ್ನು ಗುಜರಿಗೆ ಹಾಕುವುದು ಮನೆಯವರಿಗೆ ಸುಲಭವಾಗುತ್ತಿತ್ತು, ಯಾಕೆಂದರೆ ಅದು ಆಗಲೇ ಬಿಡಿಬಿಡಿಯಾಗಿ ಒಂದು ಬುಟ್ಟಿಯಲ್ಲಿರುತ್ತಿತ್ತು.

ಇಂಥವರ ಮನೆಗೆ ಬೇಸಿಗೆಯ ಶುರುವಿನಲ್ಲಿ ಎಸಿ ಬಂತು. ಆ ಬೀದಿಗೆ ಅದೇ ಮೊದಲನೆಯದು. ಹೆಂಡತಿ ಯಮುನಾ ಅದನ್ನು ಮಲಗುವ ಕೋಣೆಯಲ್ಲಿ ಹಾಕಿಸೋಣ ಎಂದರು. ಅಲ್ಲಿ ಹಾಕಿಸಿದರೆ ಗಂಡ ಹೆಂಡತಿ ಇಬ್ಬರೇ ತಣ್ಣಗಾಗುತ್ತಾರೆ, ಬೀದಿಗೆ ಏನೂ ತಿಳಿಯುವುದಿಲ್ಲ ಎನ್ನುವ ಸೂಕ್ಷ್ಮ ಆಕೆಗೆ ಹೊಳೆದಿರಲಿಲ್ಲ. ಶ್ರೀರಾಮಪ್ಪ ಅದನ್ನು ಹಾಲಿನಲ್ಲಿ, ಬೀದಿಬಾಗಿಲಿಗೆ ನೇರ ಎದುರಿನ ಗೋಡೆಗೆ ಹಾಕಿಸಿದರು. ಬಾಗಿಲು ತೆರೆದರೆ ತಂಪು ಹೊರಗೆ ಹೋಗುತ್ತದೆ, ಮುಚ್ಚಿದರೆ ಎಸಿ ಯಾರಿಗೂ ಕಾಣುವುದಿಲ್ಲ. ಈ ಧರ್ಮಸಂಕಟಕ್ಕೆ ಅವರು ಕಂಡುಕೊಂಡ ಪರಿಹಾರವೆಂದರೆ, ಬಾಗಿಲನ್ನು ಸದಾ ತೆರೆದಿಟ್ಟು ಎಸಿಯನ್ನು ಬೆಳಗಿನಿಂದ ರಾತ್ರಿಯವರೆಗೆ ಓಡಿಸುವುದು. ರಿಮೋಟಿಗೆ ಪ್ಲಾಸ್ಟಿಕ್ ಕವರ್ ತೊಡಿಸಿ, ಅದರ ಮೇಲೆ ಬಿಗಿಯಾಗಿ ಟೇಪು ಸುತ್ತಿ, ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದರು. ಸಂಜೆಯಾದರೆ ಬೀದಿಯವರು ಬಂದು ಸೋಫಾದಲ್ಲಿ ಕೂತು ಬೆವರು ಆರಿಸಿಕೊಳ್ಳುತ್ತಿದ್ದರು. ಆ ಹೊತ್ತಿಗೆ ಶ್ರೀರಾಮಪ್ಪ ಗಾಳಿಯ ಬಗ್ಗೆ ಉಪನ್ಯಾಸ ಕೊಡುತ್ತಿದ್ದರು. ತಂಪು ಬೇಕಿದ್ದವರು ಅದನ್ನೂ ಸಹಿಸಿಕೊಳ್ಳುತ್ತಿದ್ದರು.

ಪಕ್ಕದ ಮನೆಯ ಮುನಿಲಕ್ಷ್ಮಮ್ಮ ಮಾತ್ರ ತಂಪಿಗಾಗಿ ಬರುತ್ತಿರಲಿಲ್ಲ. ಆಕೆಗೆ ಪುರುಸೊತ್ತಿರಲಿಲ್ಲ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ದೊಡ್ಡ ಬಾಣಲೆ ಇಟ್ಟು ನಿಪ್ಪಟ್ಟು, ಕೋಡುಬಳೆ ಕರಿದು ಹಲಸೂರು ಮಾರುಕಟ್ಟೆಯ ಅಂಗಡಿಗೆ ಕಳಿಸುವುದು ಆಕೆಯ ಜೀವನ. ಬಾಣಲೆಯಿಂದ ಮೊದಲ ಒಬ್ಬೆ ಇಳಿದ ಕೂಡಲೇ ಯಮುನಾಗೆಂದು ಒಂದು ತಟ್ಟೆ ತಂದುಕೊಟ್ಟು, ನಿಂತ ಕಾಲಲ್ಲೇ ಎರಡು ಮಾತಾಡಿ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಹೀಗೆ ಬಂದವಳು ಗೋಡೆ ನೋಡಿ ನಿಂತಳು.

"ಅದೇನಣ್ಣ ಅದು ದೀಪ? ನೆನ್ನೆ ಇರ್ನಿಲ್ಲ."

ಎಸಿಯ ಬಲತುದಿಯಲ್ಲಿ ಸಾಸಿವೆ ಕಾಳಿನಷ್ಟು ಗಾತ್ರದ ಕಿತ್ತಳೆ ಬಣ್ಣದ ದೀಪವೊಂದು ಹತ್ತಿಕೊಂಡಿತ್ತು. ಶ್ರೀರಾಮಪ್ಪ ಅದನ್ನು ಅದೇ ಮೊದಲ ಸಲ ನೋಡುತ್ತಿದ್ದರು. 'ಗೊತ್ತಿಲ್ಲ' ಎಂಬ ಪದ ಕನ್ನಡದಲ್ಲಿದೆ ಎಂಬುದು ಅವರಿಗೂ ಗೊತ್ತಿತ್ತು, ಬೇರೆಯವರ ಬಾಯಲ್ಲಿ ಕೇಳಿದ್ದರು. ತಟ್ಟೆಯಿಂದ ಒಂದು ನಿಪ್ಪಟ್ಟು ತೆಗೆದು ಕಚ್ಚಿದರು. ಮುನಿಲಕ್ಷ್ಮಮ್ಮನ ಸೀರೆಯಿಂದ ಕಾದ ಎಣ್ಣೆಯ ವಾಸನೆ ಬಂತು. ಉತ್ತರವೂ ಅದರ ಜೊತೆಯಲ್ಲೇ ಬಂತು.

"ಅದು ಸೆನ್ಸರ್. ಗಾಳಿ ಕೆಟ್ಟಿದ್ರೆ ಹತ್ಕೊಳುತ್ತೆ. ವಾಸನೆ ಹಿಡಿಯೋ ದೀಪ ಅದು."

"ಗಾಳಿಗೆ ಏನಾಗದೆ?"

"ಎಣ್ಣೆ ಹೊಗೆ. ಕಾದ ಎಣ್ಣೆ ಹೊಗೆ ಗಾಳಿಗೆ ಸೇರಿದ್ರೆ ವಿಷ ಆಗುತ್ತೆ. ನಮ್ಮ ನಿಮ್ಮ ಮೂಗಿಗೆ ಗೊತ್ತಾಗಲ್ಲ. ಮೆಷಿನ್‌ಗೆ ಗೊತ್ತಾಗುತ್ತೆ."

ಮುನಿಲಕ್ಷ್ಮಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಅಂದ್ರೆ ನನ್ ಬಾಣ್ಲೀಲಿ ವಿಸ ಅದೆ ಅಂತೀಯಾ?"

"ನಾನೆಲ್ಲಿ ಅಂದೆ. ಮೆಷಿನ್ ಹೇಳ್ತಿದೆ."

"ಸರಿ ಬುಡು. ಮಿಸಿನ್ ಹೇಳಿದ ಮ್ಯಾಲೆ ನೀನ್ಯಾಕೆ ವಿಸ ತಿಂತೀಯ," ಎಂದು ಆಕೆ ತಟ್ಟೆ ಎತ್ತಿಕೊಂಡಳು. ಅಷ್ಟಕ್ಕೇ ಬಿಡದೆ ಶ್ರೀರಾಮಪ್ಪನವರ ಕೈಯಲ್ಲಿದ್ದ ಅರ್ಧ ಕಚ್ಚಿದ ನಿಪ್ಪಟ್ಟನ್ನೂ ಕಿತ್ತುಕೊಂಡು, ಬಾಗಿಲಲ್ಲಿದ್ದ ನಾಯಿಗೆ ಹಾಕಿ ಹೊರಟುಹೋದಳು. ನಾಯಿ ತಿಂದು ಇನ್ನೊಂದಕ್ಕೆ ಕಾದು ನಿಂತಿತು.

ಯಮುನಾ ಒಳಗಿನಿಂದ ಬಂದು, "ರೀ, ಅದು ನಿಜವಾಗ್ಲೂ ಸೆನ್ಸರಾ?" ಎಂದರು.

"ಮತ್ತೇನು, ನಂದಾದೀಪಾನಾ?" ಎಂದು ಶ್ರೀರಾಮಪ್ಪ ಗದರಿದರು.

ಅಲ್ಲಿಗೆ ಬಿಟ್ಟಿದ್ದರೆ ವಿಷಯ ಎರಡು ಮನೆಗಳ ಮುನಿಸಾಗಿ ಮುಗಿಯುತ್ತಿತ್ತು. ಆದರೆ ಮುನಿಲಕ್ಷ್ಮಮ್ಮ ಸಂಜೆಯೊಳಗೆ ಅದನ್ನು ಬೀದಿಗೆಲ್ಲ ಹೇಳಿದಳು. ಬೀದಿಯವರು ದೀಪ ನೋಡಲು ಬಂದರು. ಬಂದವರ ಮುಂದೆ ಶ್ರೀರಾಮಪ್ಪ ಹೇಳಿದ್ದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಬೇಕಾಯಿತು. ಒಂದು ಸುಳ್ಳನ್ನು ನಾಲ್ಕು ಜನಕ್ಕೆ ವಿವರಿಸಿದ ಮೇಲೆ ಅದು ಅವರಿಗೇ ನಿಜವೆನಿಸತೊಡಗಿತು. ಬೀದಿಯ ಜನವೂ ಕಡಿಮೆಯವರಲ್ಲ. ದೀಪ ನೋಡಿದ ತಕ್ಷಣ ಒಬ್ಬರು ಕೆಮ್ಮಿದರು. ಅವರು ಕೆಮ್ಮಿದ್ದನ್ನು ನೋಡಿ ಪಕ್ಕದವರಿಗೆ ಗಂಟಲು ಕೆರೆಯಿತು. ಯಾರದೋ ಹಳೆಯ ಮೊಣಕಾಲು ನೋವಿಗೂ ಅವತ್ತು ಕಾರಣ ಸಿಕ್ಕಿತು. ಇಷ್ಟು ವರ್ಷ ಅದೇ ನಿಪ್ಪಟ್ಟನ್ನು ಅದೇ ಗಾಳಿಯಲ್ಲಿ ನಿಂತು ತಿಂದವರು ಇವರೇ.

ಮಹಡಿಯ ಬಾಡಿಗೆ ಕೋಣೆಯಲ್ಲಿದ್ದ ಹಂಪಣ್ಣ ಮಾತ್ರ ದೀಪವನ್ನು ಬಹಳ ಹೊತ್ತು ನೋಡಿದ. ರಾಯಚೂರಿನ ಕಡೆಯಿಂದ ಗಾರೆ ಕೆಲಸಕ್ಕೆ ಬಂದವನು ಅವನು.

"ಸಾಹೇಬ್ರ, ಈ ದೀಪ ಆರಿದ್ರ ಗಾಳಿ ಚಲೋ ಆಗೇತಿ ಅಂತ ಏನ್ರಿ?"

"ಹೌದು."

"ಮತ್ತ ರಾತ್ರಿ ಆಕಿ ಒಲಿ ಹಚ್ಚಂಗಿಲ್ಲಲ್ರಿ. ಈಗ ರಾತ್ರಿ ಆಗೇತಿ, ಇನ್ನೂ ಉರಿಯಾಕತ್ತೈತಲ್ಲ?"

ಶ್ರೀರಾಮಪ್ಪ ಅವನನ್ನು ಕನಿಕರದಿಂದ ನೋಡಿದರು. "ಅದು ಶೇಖರಣೆ ಹಂಪಣ್ಣ. ವಿಷ ಗೋಡೇಲಿ ಕೂತಿರುತ್ತೆ. ನಿನಗೆ ಅರ್ಥ ಆಗಲ್ಲ."

ಹಂಪಣ್ಣ ಗೋಡೆ ಕಟ್ಟುವವನು. ಗೋಡೆಯಲ್ಲಿ ಏನೇನು ಕೂರುತ್ತದೆ ಎಂದು ಅವನಿಗೆ ತಿಳಿದಿತ್ತು. ಆದರೂ ಮನೆಯ ಮಾಲೀಕರು ಹೇಳಿದ ಮೇಲೆ, "ಹೌದ್ರಿ," ಎಂದು ಒಪ್ಪಿಕೊಂಡ.

ಮಾರನೆಯ ದಿನ ಮುರಳಿ ಬಂದ. ಬೀದಿಯ ಹಿತರಕ್ಷಣಾ ಸಂಘದ ಕಾರ್ಯದರ್ಶಿ. ಆ ಸಂಘ ಅದುವರೆಗೆ ಯಾರ ಹಿತವನ್ನೂ ರಕ್ಷಿಸಿರಲಿಲ್ಲ. ವರ್ಷಕ್ಕೊಮ್ಮೆ ಕ್ಯಾಲೆಂಡರ್ ಅಚ್ಚು ಹಾಕಿಸುತ್ತಿತ್ತು, ಅದರಲ್ಲಿ ದೇವರ ಚಿತ್ರಕ್ಕಿಂತ ಮುರಳಿಯ ಚಿತ್ರ ದೊಡ್ಡದಿರುತ್ತಿತ್ತು. ವಾರ್ಡಿನ ಚುನಾವಣೆ ಎಂದಾದರೂ ಬಂದೇ ಬರುತ್ತದೆಂದು ನಂಬಿ ಬಿಳಿ ಅಂಗಿ ಹೊಲಿಸಿಕೊಂಡು ಕಾಯುತ್ತಿದ್ದ ಮನುಷ್ಯ ಅವನು. ಅವನ ಹತ್ತಿರ ಎಲ್ಲವೂ ಇತ್ತು, ಒಂದು ಸಮಸ್ಯೆ ಮಾತ್ರ ಇರಲಿಲ್ಲ.

"ಸಾರ್, ಇದು ಸಣ್ಣ ಇಶ್ಯೂ ಅಲ್ಲ," ಎಂದು ದೀಪದ ಕೆಳಗೆ ನಿಂತು ಸೆಲ್ಫಿ ತೆಗೆದುಕೊಂಡ. "ಸೈಂಟಿಫಿಕ್ ಪ್ರೂಫ್ ಇರೋ ಕಂಪ್ಲೇಂಟ್ ಇಡೀ ಕೆ.ಆರ್. ಪುರದಲ್ಲಿ ಇದೇ ಮೊದಲು. ನೀವು ಹೂಂ ಅನ್ನಿ, ಅರ್ಜಿ ನಾನು ಹಾಕಿಸ್ತೀನಿ."

ಶ್ರೀರಾಮಪ್ಪ ಪಕ್ಕದ ಮನೆಯ ಕಡೆ ಒಮ್ಮೆ ನೋಡಿದರು. ಮುನಿಲಕ್ಷ್ಮಮ್ಮನ ಮೇಲೆ ಅವರಿಗೆ ಹಗೆಯೇನೂ ಇರಲಿಲ್ಲ. ಆದರೆ ಮುರಳಿ ಅವರನ್ನು 'ತಜ್ಞರು' ಎಂದು ಕರೆದುಬಿಟ್ಟ. ಹೂಂ ಎಂದರು.

ಅರ್ಜಿಗೆ ಬೀದಿಯವರೆಲ್ಲ ಸಹಿ ಹಾಕಿದರು. ಏನೆಂದು ಓದಿದವರು ಯಾರೂ ಇರಲಿಲ್ಲ. ಸೋಫಾದಲ್ಲಿ ಕೂತು ತಂಪು ಕುಡಿಯುತ್ತಾ, ಅದನ್ನು ಕೊಟ್ಟವರ ಕಾಗದಕ್ಕೆ ಸಹಿ ಹಾಕುವುದಿಲ್ಲ ಎನ್ನುವುದು ಹೇಗೆ? ಹಂಪಣ್ಣನೂ ಹಾಕಿದ. ಯಮುನಾ ಒಬ್ಬರೇ, "ಕೈಯಲ್ಲಿ ಹಿಟ್ಟಿದೆ," ಎಂದು ಅಡುಗೆಮನೆಗೆ ಹೋದವರು ಹೊರಗೆ ಬರಲಿಲ್ಲ.

ಪರಿಶೀಲನೆಗೆಂದು ನಿತೀಶ್ ಎಂಬ ತರುಣ ಅಧಿಕಾರಿ ಬಂದ. ಕಚೇರಿಯ ಹೆಸರು ಇಲ್ಲಿ ಬೇಡ, ಎಲ್ಲ ಕಚೇರಿಗಳೂ ತಮ್ಮದೇ ಎಂದುಕೊಂಡು ಬೇಸರ ಮಾಡಿಕೊಳ್ಳುತ್ತವೆ. ಅವನು ಹಾಲಿಗೆ ಬಂದು ಎಸಿಯ ಕಡೆ ನೋಡಿದ. ಏನೋ ಹೇಳಲು ಬಾಯಿ ತೆರೆದ. ಕೈಯಲ್ಲಿದ್ದ ಅರ್ಜಿಯನ್ನು ಒಮ್ಮೆ ನೋಡಿ ಬಾಯಿ ಮುಚ್ಚಿದ. ಆಮೇಲೆ ಮುನಿಲಕ್ಷ್ಮಮ್ಮನ ಶೆಡ್ಡಿಗೆ ಹೋದ.

"ಅಮ್ಮಾ, ರಿಪೋರ್ಟ್ ಆಗೋವರೆಗೂ ಒಲೆ ಹಚ್ಚೋ ಹಾಗಿಲ್ಲ."

"ಮದ್ವೆ ಮನೆ ಆರ್ಡ್ರು ಅದೆ ಸಾಮಿ. ಹಲಸೂರಲ್ಲಿ. ಮೂಟೆಗಟ್ಲೆ ಹಿಟ್ಟು ಬೀಸಿ ಮಡಗಿವ್ನಿ."

"ಅದು ನನ್ನ ಫೈಲಲ್ಲಿ ಇಲ್ಲಮ್ಮ."

"ಎಷ್ಟು ದಿನಕ್ಕೆ ಆಯ್ತದೆ ರಿಪೋಲ್ಟು?"

"ಪ್ರೊಸೀಜರ್ ಇರುತ್ತೆ," ಎಂದು ನಿತೀಶ್ ಶೆಡ್ಡಿನ ಬಾಗಿಲಿಗೆ ಕೆಂಪು ಪಟ್ಟಿ ಅಂಟಿಸಿದ. ಮುರಳಿ ಅದರ ಫೋಟೋ ತೆಗೆದು ಸಂಘದ ಮೊಬೈಲ್ ಗುಂಪಿಗೆ ಕಳಿಸಿದ. ಕೈಮುಗಿದ ಚಿಹ್ನೆಗಳು ರಾಶಿಯಾಗಿ ಬಿದ್ದವು.

ಅಂದಿನಿಂದ ಒಲೆ ಆರಿತು. ಇನ್ನು ದೀಪ ಆರಬೇಕು. ಸಂಜೆ ಬೀದಿಯವರೆಲ್ಲ ಬಂದು ಗೋಡೆ ನೋಡುತ್ತಾ ಕೂತರು. ದೀಪ ಉರಿಯುತ್ತಿತ್ತು. ಮಾರನೆಯ ದಿನವೂ ಉರಿಯಿತು. ವಾರ ಕಳೆಯುವ ಹೊತ್ತಿಗೆ ಅದು ಇನ್ನಷ್ಟು ಆರೋಗ್ಯವಾಗಿ ಉರಿಯುವಂತೆ ಕಂಡಿತು.

ಬುದ್ಧಿಯಿದ್ದವರು ಇಲ್ಲಿ, ಇದು ಎಣ್ಣೆಯ ಹೊಗೆಯಲ್ಲ ಎಂದು ತಿಳಿದು ಸುಮ್ಮನಾಗುತ್ತಿದ್ದರು. ಶ್ರೀರಾಮಪ್ಪ ಕಣ್ಣುಮುಚ್ಚಿ ಯೋಚಿಸಿ, "ಇನ್ನೊಂದು ಮೂಲ ಇದೆ," ಎಂದರು.

ಮೂಲ ಹುಡುಕುವ ಕೆಲಸ ಶುರುವಾಯಿತು. ಮೊದಲು ಇಸ್ತ್ರಿ ಗಾಡಿಯ ಇದ್ದಿಲು ಸಿಕ್ಕಿತು. ಗಾಡಿಯನ್ನು ಮುಂದಿನ ಬೀದಿಗೆ ದೂಡಿದರು. ದೀಪ ಆರಲಿಲ್ಲ. ಹಂಪಣ್ಣನ ಹೆಂಡತಿ ಜಟ್ಟೆಮ್ಮ ಮೆಣಸಿನಕಾಯಿ ಹುರಿಯುತ್ತಾಳೆ ಎಂದು ಯಾರೋ ನೆನಪಿಸಿದರು. ಹುರಿಯಬಾರದೆಂದು ಹೇಳಿ ಕಳಿಸಿದರು. ಅದೇ ಸಂಜೆ ಆಕೆ ಮಹಡಿ ಇಳಿದು ಬಂದು, "ನಿಮ್ಮ ದೀಪಕ್ಕ ಖಾರ ಆಗಂಗಿಲ್ಲ ಅಂದ್ರ, ನಮ್ಮ ಬಾಯಿಗೆ ಸಪ್ಪಗ ಆಗಂಗಿಲ್ರಿ ಸಾಹೇಬ್ರ," ಎಂದು ನೇರವಾಗಿ ಹೇಳಿದಳು. ಹಂಪಣ್ಣ ಅವಳ ಹಿಂದೆ ನಿಂತು ಎರಡೂ ಕಡೆಗೆ ತಲೆಯಾಡಿಸಿದ. ಆಮೇಲೆ ಧೂಪದ ಮೇಲೆ ಅನುಮಾನ ಬಂತು, ಧೂಪ ನಿಂತಿತು. ಸೊಳ್ಳೆ ಬತ್ತಿ ನಿಂತಿತು, ಸೊಳ್ಳೆಗಳು ಸಂಘಕ್ಕೆ ಋಣಿಯಾದವು. ಕಡೆಗೆ ಒಗ್ಗರಣೆಯ ಸರದಿ ಬಂತು. ಆ ಬೀದಿಯ ಯಾವ ಮನೆಯಲ್ಲೂ ಸಾಸಿವೆ ಸಿಡಿಯದ ದಿನಗಳು ಅವು. ಸಪ್ಪೆ ಸಾರು ಉಂಡ ಜನ ಸಪ್ಪೆ ಮುಖ ಹೊತ್ತು ಸಂಜೆ ಬಂದು ಒಂದು ಸಾಸಿವೆ ಕಾಳಿನಷ್ಟು ದೀಪವನ್ನು ದಿಟ್ಟಿಸುತ್ತಾ ಕೂರುತ್ತಿದ್ದರು. ಯಾರ ಮನೆಯಿಂದಾದರೂ ಬೆಳ್ಳುಳ್ಳಿಯ ಘಮ ಬಂದರೆ ಎಲ್ಲರೂ ಅತ್ತ ತಿರುಗಿ ನೋಡುತ್ತಿದ್ದರು.

ಒಂದು ದಿನ ಶ್ರೀರಾಮಪ್ಪ ಮುರಳಿಯ ಹಳೆಯ ಬೈಕಿನ ಹೊಗೆಯ ಬಗ್ಗೆ ಮಾತೆತ್ತಿದರು. ಆ ಕ್ಷಣದಿಂದ ಮುರಳಿಗೆ ವಿಜ್ಞಾನದಲ್ಲಿ ನಂಬಿಕೆ ಕಡಿಮೆಯಾಯಿತು. "ಸಾರ್, ಇದನ್ನ ಬೇಗ ಕ್ಲೋಸ್ ಮಾಡಿಸೋಣ," ಎಂದು ಅವನೇ ಓಡಾಡಿ ನಿತೀಶ್‌ನನ್ನು ಎರಡನೆಯ ಸಲ ಕರೆಸಿದ.

ಅಂದು ಹಾಲ್ ತುಂಬಿ, ಬಾಗಿಲು ತುಂಬಿ, ಜನ ಮೆಟ್ಟಿಲವರೆಗೂ ನಿಂತಿದ್ದರು. ಮುನಿಲಕ್ಷ್ಮಮ್ಮನೂ ಬಂದಳು. ನಿಪ್ಪಟ್ಟು ಕಿತ್ತುಕೊಂಡು ಹೋದವಳು ಆ ಮನೆಗೆ ಕಾಲಿಟ್ಟದ್ದು ಅಂದೇ. ಆಕೆ ಬೀದಿಯವರ ಮುಖ ನೋಡಲಿಲ್ಲ, ನೇರ ಅಧಿಕಾರಿಯ ಮುಂದೆ ನಿಂತಳು.

"ಸಾಮಿ, ನಿಮ್ಮನೇಲಿ ಇಂಥ ಮಿಸಿನ್ ಅದಾ?"

"ಇದೆಯಮ್ಮ. ಇದೇ ಮಾಡೆಲ್."

"ಅದ್ರಲ್ಲೂ ದೀಪ ಹತ್ತದಾ?"

"ಹತ್ತುತ್ತೆ."

"ಹತ್ತಿದ್ರೆ ಏನ್ ಮಾಡ್ತೀರಾ?"

"ಫಿಲ್ಟರ್ ತೊಳೀತೀವಿ," ಎಂದ ನಿತೀಶ್, ಬಹಳ ಸಹಜವಾಗಿ.

ಮುನಿಲಕ್ಷ್ಮಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಬಂದಳು.

"ಅಂದ್ರೆ ಇದು ಏನ್ ದೀಪ?"

"ಫಿಲ್ಟರ್ ದೀಪ. ಮೆಷಿನ್ ಇಷ್ಟು ಹೊತ್ತು ಅಂತ ಓಡಿದ ಮೇಲೆ ತಾನೇ ಹತ್ತುತ್ತೆ. ಫಿಲ್ಟರಲ್ಲಿ ಧೂಳು ತುಂಬಿರುತ್ತೆ, ತೊಳೀರಿ ಅಂತ."

"ವಾಸ್ನೆ?"

"ಅದಕ್ಕೆ ವಾಸನೆ ಗೊತ್ತಾಗಲ್ಲಮ್ಮ. ಅದಕ್ಕೆಲ್ಲಿದೆ ಮೂಗು."

"ಮತ್ತೆ ಅವತ್ತು ಬಂದಾಗ್ಲೇ ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ಬಾಯಿ ಬುಡ್ಲಿಲ್ಲ?"

ನಿತೀಶ್‌ಗೆ ಈ ಪ್ರಶ್ನೆಯಿಂದ ನಿಜಕ್ಕೂ ನೋವಾದಂತೆ ಕಂಡಿತು. "ಅಮ್ಮಾ, ಅರ್ಜೀಲಿ ಮಾಲಿನ್ಯ ಅಂತ ಇತ್ತು. ನಾನು ಮಾಲಿನ್ಯ ನೋಡೋಕೆ ಬಂದೆ. ದೀಪ ಯಾವುದು ಅಂತ ಯಾರೂ ಅರ್ಜೀಲಿ ಕೇಳಿರ್ಲಿಲ್ಲ. ಕೇಳದೇ ಇರೋದಕ್ಕೆ ಉತ್ತರ ಕೊಟ್ರೆ ನಾಳೆ ನನಗೇ ಮೆಮೋ ಬರುತ್ತೆ."

ಜನ ಈಗ ಶ್ರೀರಾಮಪ್ಪನವರ ಕಡೆ ತಿರುಗಿದರು. ಅವರ ಹಣೆಯಲ್ಲಿ ಬೆವರಿತ್ತು. ಆ ಎಸಿ ಬಂದ ಮೇಲೆ ಆ ಹಾಲಿನಲ್ಲಿ ಬೆವರಿದ ಮೊದಲಿಗರು ಅವರೇ. ಆದರೂ ಸೋಲಲಿಲ್ಲ. "ಫಿಲ್ಟರ್ ಅನ್ನೋದು ಒಂದು ಥಿಯರಿ. ತೊಳೆದೇ ನೋಡೋಣ," ಎಂದು ಸ್ಟೂಲು ಹಾಕಿಕೊಂಡು ಹತ್ತಿ ಎಸಿಯ ಮುಚ್ಚಳ ಎತ್ತಿದರು. ಒಳಗಿನ ಜಾಲರಿಯನ್ನು ಎಳೆದ ರಭಸಕ್ಕೆ ಬೂದು ಬಣ್ಣದ ಧೂಳಿನ ಕಂಬಳಿಯೊಂದು ಬಿಡಿಸಿಕೊಂಡು ಅವರ ತಲೆ, ಮೀಸೆ, ಭುಜಗಳ ಮೇಲೆ ಇಳಿಯಿತು. ಹಳೇ ಮದ್ರಾಸ್ ರಸ್ತೆಯಲ್ಲಿ ಓಡಾಡುವ ಬಸ್ಸು ಲಾರಿಗಳೆಲ್ಲ ತೆರೆದ ಬಾಗಿಲಿನಿಂದ ಒಳಗೆ ಕಳಿಸಿದ್ದ ಧೂಳು ಅದು. ಈ ಸಲ ಜನ ನಿಜವಾಗಿಯೇ ಕೆಮ್ಮಿದರು.

ಯಮುನಾ ಜಾಲರಿಯನ್ನು ನಲ್ಲಿಯ ಕೆಳಗೆ ತೊಳೆದು, ಒರೆಸಿ, ಆರಿಸಿ ತಂದರು. ಶ್ರೀರಾಮಪ್ಪ ಅದನ್ನು ಕೂರಿಸಿ ಎಸಿ ಹಾಕಿದರು.

ದೀಪ ಹತ್ತಿಯೇ ಇತ್ತು.

ಶ್ರೀರಾಮಪ್ಪ ಧೂಳು ಮೆತ್ತಿದ ಮುಖದಲ್ಲಿ ಸ್ಟೂಲಿನ ಮೇಲೆ ಎದೆಯುಬ್ಬಿಸಿ ನಿಂತರು. "ನೋಡಿದ್ರಾ. ಫಿಲ್ಟರ್ ಕ್ಲೀನ್. ದೀಪ ಹೋಗಿಲ್ಲ. ನಾನು ಮೊದಲಿಂದ ಏನು ಹೇಳ್ತಿದ್ದೆ?"

ಆ ಜನರ ನಾಚಿಕೆಗೇಡಿತನಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಒಂದು ನಿಮಿಷದ ಹಿಂದೆ ಅವರನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದವರು ಈಗ, "ಅದೂ ನಿಜಾನೇ," ಎಂದು ತಲೆದೂಗಿದರು. ಮೊಣಕಾಲಿನವರು ಮತ್ತೆ ಮೊಣಕಾಲು ಹಿಡಿದುಕೊಂಡರು. ಮುರಳಿ ಯಾವ ಕಡೆ ನಿಲ್ಲಬೇಕೆಂದು ತಿಳಿಯದೆ ಬಾಗಿಲ ಚೌಕಟ್ಟಿನಲ್ಲಿ ನಿಂತ.

"ತೊಳೆದ್ರೆ ಹೋಗಲ್ಲ ಸರ್," ಎಂದ ನಿತೀಶ್ ಆಕಳಿಸುತ್ತಾ. "ತೊಳೆದಿರೋದು ಅದಕ್ಕೆ ಹೆಂಗೆ ಗೊತ್ತಾಗಬೇಕು? ರೀಸೆಟ್ ಒತ್ತಬೇಕು. ರಿಮೋಟಲ್ಲಿ ಕೆಳಗೆ ಮುಚ್ಚಳ ಇರುತ್ತೆ ನೋಡಿ, ಅದರೊಳಗೆ ಬಟನ್."

ಶ್ರೀರಾಮಪ್ಪನವರ ಕೈ ಜೇಬಿಗೆ ಹೋಗಿ ರಿಮೋಟನ್ನು ಹಿಡಿದು ಅಲ್ಲೇ ನಿಂತಿತು. ಒತ್ತಿದರೆ ದೀಪ ಆರುತ್ತದೆಂದು ಆ ಕ್ಷಣದಲ್ಲಿ ಅವರಿಗೆ ಖಚಿತವಾಗಿ ತಿಳಿದುಹೋಗಿತ್ತು.

"ಒತ್ತೋಕಾಗಲ್ಲ," ಎಂದರು.

"ಯಾಕೆ ಸರ್?"

"ಸಾಕ್ಷ್ಯನಾಶ ಆಗುತ್ತೆ. ಒಂದು ಕೇಸ್ ನಡೀತಿರುವಾಗ ದೀಪ ಆರಿಸೋ ಅಧಿಕಾರ ನನಗಿಲ್ಲ."

ನಿತೀಶ್ ಇದನ್ನು ಗಂಭೀರವಾಗಿ ಯೋಚಿಸತೊಡಗಿದ. ಅವನ ಮುಖ ನೋಡಿದರೆ ಇನ್ನೊಂದು ಫೈಲು ಹುಟ್ಟುವ ಲಕ್ಷಣ ಕಾಣುತ್ತಿತ್ತು. ಅಷ್ಟರಲ್ಲಿ ಯಮುನಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ಸ್ಟೂಲಿನ ಮೇಲೆ ನಿಂತಿದ್ದ ಗಂಡನ ಜೇಬಿಗೆ ಕೈಹಾಕಿ ರಿಮೋಟು ತೆಗೆದರು.

"ಯಮುನಾ, ಟೇಪ್ ಕೀಳ್ಬೇಡ," ಎಂದರು ಶ್ರೀರಾಮಪ್ಪ. ದನಿ ಅಂಗಲಾಚುವಂತಿತ್ತು.

"ಒಗ್ಗರಣೆ ಇಲ್ಲದ ಸಾರು ತಿಂದು ತಿಂದು ನಂಗೆ ನಾಲಿಗೆ ಸತ್ತಿದೆ," ಎಂದು ಯಮುನಾ ಹಲ್ಲಿನಿಂದ ಟೇಪು ಕಿತ್ತು, ಕವರು ಹರಿದು, ಮುಚ್ಚಳ ಸರಿಸಿ, ಬಟನ್ ಒತ್ತಿದರು. ಎಸಿ ಒಂದು ಸಲ ಕೀ ಎಂದಿತು. ದೀಪ ಆರಿತು.

ಆಮೇಲೆ ಆದದ್ದನ್ನು ನೋಡಬೇಕಿತ್ತು. ಆ ಹಾಲಿನಲ್ಲಿದ್ದ ಪ್ರತಿಯೊಬ್ಬರಿಗೂ ಮೊದಲಿನಿಂದಲೇ ಅನುಮಾನವಿತ್ತಂತೆ. ಹಿರಿಯರೆಂಬ ಗೌರವಕ್ಕೆ ಸಹಿ ಹಾಕಿದರಂತೆ. ಕೆಮ್ಮಿದವರಿಗೆ ಅವತ್ತು ನೆಗಡಿ ಇತ್ತಂತೆ. ನಿತೀಶ್ 'ಸ್ಥಳ ಪರಿಶೀಲನೆಯ ವೇಳೆ ಮಾಲಿನ್ಯ ನಿವಾರಣೆಯಾಗಿದೆ' ಎಂದು ಬರೆದುಕೊಂಡು ಶೆಡ್ಡಿನ ಕೆಂಪು ಪಟ್ಟಿ ಕಿತ್ತ. ಮುರಳಿ ಅವನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಸಂಘದ ನಿರಂತರ ಹೋರಾಟಕ್ಕೆ ಜಯ ಎಂದು ಗುಂಪಿಗೆ ಹಾಕಿದ. ಕೈಮುಗಿದ ಚಿಹ್ನೆಗಳು ಮತ್ತೆ ಬಿದ್ದವು. ಯಾವುದಕ್ಕೆ ಹೋರಾಟ, ಯಾರ ಮೇಲೆ ಜಯ ಎಂದು ಒಬ್ಬರೂ ಕೇಳಲಿಲ್ಲ. ಅರ್ಧ ಗಂಟೆಯಲ್ಲಿ ಬೀದಿಯ ಎಲ್ಲ ಮನೆಗಳಿಂದಲೂ ಸಾಸಿವೆ ಸಿಡಿಯುವ ಸದ್ದು ಬಂತು.

ಎಲ್ಲರೂ ಹೋದರೂ ಮುನಿಲಕ್ಷ್ಮಮ್ಮ ಹೋಗಲಿಲ್ಲ. ಶ್ರೀರಾಮಪ್ಪ ಮುಖ ತೊಳೆದು ಬರುವವರೆಗೆ ಬಾಗಿಲಲ್ಲೇ ನಿಂತಿದ್ದಳು.

"ಚಪ್ಲಿ ಮೆಟ್ಕೊಳಣ್ಣ. ಹಲಸೂರಿಗೆ ಓಗಾನ."

"ನಾನ್ಯಾಕೆ?"

"ಮದ್ವೆ ಆರ್ಡ್ರು ಬ್ಯಾರೆಯೋರ್ಗೆ ಒಂಟೋಯ್ತು. ನಾನ್ ಹೇಳಿದ್ರೆ ಅಂಗ್ಡಿಯವ್ರು ನಂಬಲ್ಲ, ಏನೋ ಕತೆ ಕಟ್ತಾಳೆ ಅಂತಾರೆ. ನಿನ್ ಬಾಯಲ್ಲೇ ಹೇಳು."

ಶ್ರೀರಾಮಪ್ಪ ಹೆಂಡತಿಯ ಕಡೆ ನೋಡಿದರು. ಯಮುನಾ ಅವರ ಚಪ್ಪಲಿಯನ್ನು ತಂದು ಮೆಟ್ಟಿಲ ಮೇಲೆ ಇಟ್ಟಾಗಿತ್ತು.

ಇಬ್ಬರೂ ಮೆಟ್ರೋ ಹತ್ತಿದರು. ಬೋಗಿಯೊಳಗೆ ತಂಪಿತ್ತು. ಬಾಗಿಲಿನ ಮೇಲೆ ನಿಲ್ದಾಣದ ಹೆಸರುಗಳ ಪಕ್ಕದಲ್ಲಿ ಸಣ್ಣ ದೀಪಗಳು ಮಿನುಗುತ್ತಿದ್ದವು. ಹೊಸಬನಂತೆ ಕಂಡ ಪ್ರಯಾಣಿಕನೊಬ್ಬ ಅದನ್ನು ತೋರಿಸಿ, "ಆ ದೀಪ ಏನು ಸಾರ್?" ಎಂದು ಶ್ರೀರಾಮಪ್ಪನವರನ್ನೇ ಕೇಳಿದ. ಅವರು ಗಂಟಲು ಸರಿಮಾಡಿಕೊಂಡರು. ಮುನಿಲಕ್ಷ್ಮಮ್ಮ ತಿರುಗಿ ನೋಡಿದಳು. ಇಂದಿರಾನಗರ ದಾಟುವವರೆಗೂ ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಹಲಸೂರು ಮಾರುಕಟ್ಟೆಯಲ್ಲಿ ಜಹನಾರಾ ಅವರ ತಿಂಡಿ ಅಂಗಡಿ. ಮದುವೆ ಮನೆಗಳಿಗೆ ಕುರುಕಲು ಒದಗಿಸುವುದರಲ್ಲಿ ಆಕೆಯದು ದೊಡ್ಡ ಹೆಸರು. ಕೊಟ್ಟ ಮಾತು ತಪ್ಪಿದವರನ್ನು ಅಂಗಡಿಯ ಮೆಟ್ಟಿಲು ಹತ್ತಿಸುವವರಲ್ಲ. ಮುನಿಲಕ್ಷ್ಮಮ್ಮನನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿದರು.

"ನಕ್ಕೋ ಅಮ್ಮಾ, ಬೇಡ. ಇಷ್ಟು ವರ್ಷ ನಂಬ್ಕೊಂಡಿದ್ದೆ, ಮದುವೆ ಮುಂದೆ ಇಟ್ಕೊಂಡು ಕೈ ಕೊಟ್ಬಿಟ್ರಿ. ಈಗ ಯಾರನ್ನ ಕರ್ಕೊಂಡು ಬಂದಿದೀರಾ?"

"ಇವ್ರನ್ನೇ ಕೇಳಿ," ಎಂದಳು ಮುನಿಲಕ್ಷ್ಮಮ್ಮ.

ಶ್ರೀರಾಮಪ್ಪ ದೀಪದಿಂದ ಶುರುಮಾಡಿದರು. ಅರ್ಜಿ, ಅಧಿಕಾರಿ, ಪ್ರೊಸೀಜರ್ ಎಂದೆಲ್ಲ ಬಳಸಿ ಬಳಸಿ ಹೇಳಿದರು. ತಾಂತ್ರಿಕ ದೋಷ ಎಂದರು. ಜಹನಾರಾ ಬಾದುಶಾ ತೂಗುತ್ತಲೇ ಕೇಳಿಸಿಕೊಂಡರು.

"ಅದೆಲ್ಲ ಇರ್ಲಿ ಭಯ್ಯಾ. ಆ ದೀಪ ಏನು ಅಂತ ನಿಮಗೆ ಗೊತ್ತಿತ್ತಾ, ಇಲ್ವಾ?"

ಶ್ರೀರಾಮಪ್ಪ ತಕ್ಕಡಿಯ ಮುಳ್ಳನ್ನು ನೋಡಿದರು. ಹಿಂದೆ ಆಟೋಗಳು ಕೂಗುತ್ತಿದ್ದವು, ತರಕಾರಿಯವನು ಬೆಲೆ ಕೂಗುತ್ತಿದ್ದ.

"ಗೊತ್ತಿರ್ಲಿಲ್ಲ," ಎಂದರು.

"ಕೇಳಿಸ್ಲಿಲ್ಲ."

"ಗೊತ್ತಿರ್ಲಿಲ್ಲ."

"ಜೋರಾಗಿ ಹೇಳಿ ಭಯ್ಯಾ, ಗಲಾಟೆ ಇದೆ."

"ನನಗೆ ಗೊತ್ತಿರ್ಲಿಲ್ಲ," ಎಂದು ಶ್ರೀರಾಮಪ್ಪ ಕಿರುಚಿದರು. ಸರಿಯಾಗಿ ಆ ಹೊತ್ತಿಗೆ ಆಟೋಗಳು ಸುಮ್ಮನಾಗಿದ್ದವು, ತರಕಾರಿಯವನು ಉಸಿರು ತೆಗೆದುಕೊಳ್ಳುತ್ತಿದ್ದ. ಮಾರುಕಟ್ಟೆಯೆಲ್ಲ ತಿರುಗಿ ನೋಡಿತು. ಹೂವಿನ ಬುಟ್ಟಿಯ ಮುಂದಿದ್ದ ಮುದುಕಿ, "ಗೊತ್ತಿಲ್ಲಾಂದ್ರೆ ಹೋಗ್ಲಿ ಬುಡಪ್ಪ, ಯಾಕಂಗೆ ಅರಚ್ತೀಯ," ಎಂದು ಸಮಾಧಾನ ಹೇಳಿದಳು.

ಜಹನಾರಾ ತಕ್ಕಡಿ ಇಳಿಸಿ ನಕ್ಕರು. ಬೇರೆಯವರಿಂದ ತರಿಸಿದ್ದ ನಿಪ್ಪಟ್ಟನ್ನು ಕೌಂಟರಿನ ಮೇಲೆ ಕುಟ್ಟಿ ತೋರಿಸಿದರು. ಅದು ಬಿಲ್ಲೆಯಂತೆ ಠಣ್ ಎಂದಿತು. "ಮದುವೇಲಿ ಇದು ಹಾಕಿದ್ರೆ ಬೀಗರ ಹಲ್ಲು ಹೋಗುತ್ತೆ. ನಾಳೆಯಿಂದ ನೀವೇ ಕಳಿಸಿ ಮುನಿಲಕ್ಷ್ಮಮ್ಮ. ಒಂದೇ ಮಾತು, ಈ ಭಯ್ಯಾನ ಮಾತು ಇನ್ಮುಂದೆ ಯಾರೂ ಕೇಳ್ಬಾರ್ದು."

ಮುನಿಲಕ್ಷ್ಮಮ್ಮನ ಶೆಡ್ಡಿನಲ್ಲಿ ಮಾರನೆಯ ಬೆಳಗ್ಗೆಯೇ ಬಾಣಲೆ ಏರಿತು. ಮದುವೆ ಚೆನ್ನಾಗಿ ಆಯಿತು, ನಿಪ್ಪಟ್ಟು ಸಾಲದೆ ಹೋಯಿತು.

ಶ್ರೀರಾಮಪ್ಪ ಒಂದಷ್ಟು ದಿನ ಯಾರ ಮನೆಯ ಮಿಕ್ಸಿಗೂ ಕೈಹಾಕಲಿಲ್ಲ. ಗಂಡ ಬದಲಾದರೆಂದು ಯಮುನಾ ನಂಬಿದರು. ಮನುಷ್ಯರ ಬಗ್ಗೆ ಒಳ್ಳೆಯದನ್ನು ನಂಬುವುದು ಆಕೆಯ ಒಂದೇ ದೌರ್ಬಲ್ಯ.

ಒಂದು ಭಾನುವಾರ ಬಟ್ಟರಹಳ್ಳಿಯ ಕಡೆಯಿಂದ ಅಪರಿಚಿತ ದಂಪತಿ ಮನೆ ಹುಡುಕಿಕೊಂಡು ಬಂದರು. ಮುರಳಿಯ ಸಂದೇಶ ಕೈಯಿಂದ ಕೈಗೆ ದಾಟಿ ಅವರಿಗೂ ತಲುಪಿತ್ತು. ಕೃಷ್ಣರಾಜಪುರದಲ್ಲಿ ಯಾರೋ ಒಬ್ಬ ತಜ್ಞರು ದೀಪ ನೋಡಿಯೇ ಮಾಲಿನ್ಯ ಕಂಡುಹಿಡಿದು ಸರ್ಕಾರದವರನ್ನು ಮನೆ ಬಾಗಿಲಿಗೆ ಕರೆಸಿದರು ಎಂಬಷ್ಟು ಮಾತ್ರ ಅವರಿಗೆ ಗೊತ್ತಿತ್ತು. ಅವರ ಮನೆಯ ಇನ್ವರ್ಟರಿನ ಮೇಲೆ ನಿನ್ನೆಯಿಂದ ಕೆಂಪು ದೀಪವೊಂದು ಹತ್ತಿದೆಯಂತೆ.

"ಅವ್ರು ಮನೇಲಿಲ್ಲ," ಎಂದರು ಯಮುನಾ.

ಶ್ರೀರಾಮಪ್ಪ ಆಗಲೇ ಇಸ್ತ್ರಿ ಮಾಡಿದ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಹೊರಗೆ ಬಂದಿದ್ದರು.

ಆ ಮನೆಯಲ್ಲಿ ಅವರಿಗೆ ಕುರ್ಚಿ ಹಾಕಿದರು, ಕಾಫಿ ಕೊಟ್ಟರು. ಶ್ರೀರಾಮಪ್ಪ ಇನ್ವರ್ಟರನ್ನು ಮೊದಲು ಹತ್ತಿರದಿಂದ ನೋಡಿದರು, ಆಮೇಲೆ ದೂರದಿಂದ. ಅದರ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಆ ಮನೆಯ ಹೆಂಗಸು ಮೆಲ್ಲಗೆ, "ಏನ್ ದೀಪ ಸಾರ್ ಅದು?" ಎಂದು ಕೇಳಿದಳು.

ಶ್ರೀರಾಮಪ್ಪ ಎದ್ದು ಕಿಟಕಿಯ ಹತ್ತಿರ ಹೋಗಿ, ಪರದೆ ಸರಿಸಿ, ಕಾಂಪೌಂಡಿನ ಆಚೆ ಬಹಳ ಹೊತ್ತು ನೋಡಿದರು.

"ಪಕ್ಕದ ಮನೆಯವರು ಏನು ಕೆಲಸ ಮಾಡ್ತಾರೆ?" ಎಂದರು.